ನೋಟಿಸಿನ ಮೇಲೆ ನಿಂತ ಒಡೆತನ: ಸಿಯಾಟಲ್ ಪ್ರದೇಶದ ವಾಹನ ಹರಾಜು ಮತ್ತು ಟೈಟಲ್ ಸಮಸ್ಯೆ

ವಾಷಿಂಗ್ಟನ್ ರಾಜ್ಯದಲ್ಲಿ ಹಳೆಯ ಕಾರು ಅಗ್ಗಕ್ಕೆ ಸಿಗುವ ಜಾಗಗಳಲ್ಲಿ ಟೋಯಿಂಗ್ ಕಂಪನಿಗಳ ಸಾರ್ವಜನಿಕ ಹರಾಜೂ ಒಂದು. ಅಲ್ಲಿ ಸವಾಲು ಗೆದ್ದವರ ಕೈಗೆ ಹಳೆಯ ಟೈಟಲ್, ಅಂದರೆ ಒಡೆತನದ ಪತ್ರ, ಸಾಮಾನ್ಯವಾಗಿ ಬರುವುದಿಲ್ಲ. ಅದು ಹಿಂದಿನ ಮಾಲೀಕರ ಬಳಿಯೋ ಸಾಲ ಕೊಟ್ಟವರ ಬಳಿಯೋ ಉಳಿದಿರುತ್ತದೆ. ಕೊಂಡವರಿಗೆ ಸಿಗುವುದು ಹರಾಜು ನಡೆಸಿದವರ ಸಹಿಯಿರುವ ಮಾರಾಟದ ಅಫಿಡವಿಟ್. ಅದನ್ನು ಹಿಡಿದು ರಾಜ್ಯದ ಲೈಸೆನ್ಸಿಂಗ್ ಇಲಾಖೆಯಲ್ಲಿ ಹೊಸ ಟೈಟಲ್‌ಗೆ ಅರ್ಜಿ ಹಾಕಬೇಕು. ಮಾಲೀಕ ಸಹಿ ಹಾಕದ, ಬಹಳ ಸಲ ಒಪ್ಪಿಯೂ ಇರದ ಮಾರಾಟದಲ್ಲಿ ಒಡೆತನ ಇನ್ನೊಬ್ಬರಿಗೆ ದಾಟುವುದು ಯಾವ ಬಲದ ಮೇಲೆ? ಮಾಲೀಕರಿಗೆ ಕೊಟ್ಟ ನೋಟಿಸಿನ ಬಲದ ಮೇಲೆ ಎಂಬುದು ಈ ಲೇಖನದ ವಾದ. ಆದ್ದರಿಂದ ಹಳೆಯ ಮಾಲೀಕರ ರಕ್ಷಣೆ ಸಡಿಲವಾದಷ್ಟೂ ಕೊಂಡವರ ಹಕ್ಕೂ ಸಡಿಲವಾಗುತ್ತದೆ.

1. ಎಳೆದೊಯ್ದ ಕಾರು ಹರಾಜಿಗೆ ಬರುವ ಬಗೆ

ಈ ಹರಾಜುಗಳನ್ನು ಆಳುವುದು ರಾಜ್ಯದ ಕಾನೂನು ಸಂಹಿತೆಯ 46.55ನೆಯ ಅಧ್ಯಾಯ. ಎಳೆದೊಯ್ದ ವಾಹನವನ್ನು ಸತತ 120 ಗಂಟೆ ಯಾರೂ ಬಿಡಿಸಿಕೊಳ್ಳದಿದ್ದರೆ ಅದು 'ತೊರೆದ ವಾಹನ' ಎನಿಸಿಕೊಳ್ಳುತ್ತದೆ. ಟೋಯಿಂಗ್ ಕಂಪನಿ ಇಲಾಖೆಗೆ ವರದಿ ಸಲ್ಲಿಸಿ ದಾಖಲೆಯಲ್ಲಿರುವ ಮಾಲೀಕರ ವಿವರ ಪಡೆಯುತ್ತದೆ. ಅಲ್ಲಿನ ದಾಖಲೆಯಲ್ಲಿ ಎರಡು ಹೆಸರುಗಳಿಗೆ ಜಾಗವಿದೆ: ವಾಹನವನ್ನು ಬಳಸುವ ನೋಂದಾಯಿತ ಮಾಲೀಕರು ಮತ್ತು ಸಾಲ ತೀರುವವರೆಗೆ ಟೈಟಲ್ ಹಿಡಿದಿರುವ ಕಾನೂನುಬದ್ಧ ಮಾಲೀಕರು. ಇಬ್ಬರಿಗೂ ಸರ್ಟಿಫೈಡ್ ಅಂಚೆಯಲ್ಲಿ ನೋಟಿಸು ಹೋಗಬೇಕು. ನೋಟಿಸು ಅಂಚೆಗೆ ಬಿದ್ದು 15 ದಿನ ಕಳೆದ ಮೇಲೂ ಯಾರೂ ಬಾರದೆ, ವಾಹನ ಕಳವಿನ ಪಟ್ಟಿಯಲ್ಲೂ ಇಲ್ಲದಿದ್ದರೆ, ಪ್ರಕಟಣೆ ಹೊರಡಿಸಿ ಹರಾಜು ಹಾಕಬಹುದು. ಹರಾಜಿಗೆ ಮುನ್ನ 3 ಗಂಟೆ ವಾಹನ ನೋಡಲು ಜನರಿಗೆ ಅವಕಾಶವಿರಬೇಕು.

ಎಳೆದದ್ದೇ ತಪ್ಪು ಎನ್ನುವ ಮಾಲೀಕರು 10 ದಿನಗಳೊಳಗೆ ನ್ಯಾಯಾಲಯದ ವಿಚಾರಣೆ ಕೇಳಬೇಕು. ಅವಧಿ ಮೀರಿದರೆ ಆ ಹಕ್ಕು ಹೋಯಿತು. ಹರಾಜಿನ ಹಣದಲ್ಲಿ ಟೋಯಿಂಗ್ ಮತ್ತು ನಿಲುಗಡೆಯ ಬಾಕಿ ಕಳೆದು ಮಿಕ್ಕದ್ದು ಇಲಾಖೆಗೆ ಸೇರುತ್ತದೆ. ಮಾಲೀಕರು ಅದನ್ನು ಒಂದು ವರ್ಷದೊಳಗೆ ಕೇಳಿ ಪಡೆಯಬಹುದು. ಇನ್ನೊಂದು ಅಂಶವನ್ನು ಮುಖ್ಯವಾಗಿ ಗಮನಿಸಬೇಕು. ವಾಹನವನ್ನು ಎಳೆಯುವುದು, ಇಟ್ಟುಕೊಳ್ಳುವುದು, ನೋಟಿಸು ಕಳಿಸುವುದು, ಮಾರುವುದು, ಎಲ್ಲವೂ ಒಂದೇ ಖಾಸಗಿ ಕಂಪನಿಯ ಕೈಯಲ್ಲಿದೆ. ಆ ಕಂಪನಿಯೇ ಸವಾಲು ಗೆಲ್ಲುವ ಸಂದರ್ಭಕ್ಕೂ ಕಾನೂನಿನಲ್ಲಿ ಜಾಗವಿದೆ. ನೋಟಿಸು ಸರಿಯಾಗಿ ಹೋಯಿತೆನ್ನಲು ಕೊಂಡವರ ಬಳಿ ಇರುವುದು ಹೆಚ್ಚಾಗಿ ಆ ಕಂಪನಿಯ ಮಾತೊಂದೇ.

2. ಹಕ್ಕು ಎಡವುವ ಜಾಗಗಳು

ತನ್ನದಲ್ಲದ್ದನ್ನು ಯಾರೂ ಮಾರಲಾರರು ಎಂಬುದು ಮಾರಾಟ ಕಾನೂನಿನ ಹಳೆಯ ಸೂತ್ರ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮು ಹೇಳುವುದೂ ಅದನ್ನೇ. ಕಾನೂನೇ ಮಾರಾಟದ ಅಧಿಕಾರ ಕೊಟ್ಟಿರುವುದರಿಂದ ಹರಾಜು ಈ ಸೂತ್ರಕ್ಕೆ ಹೊರತು. ಆದರೆ ಅಧಿಕಾರದ ಜೊತೆಗೇ ಷರತ್ತುಗಳೂ ಬಂದಿವೆ. ಷರತ್ತು ತಪ್ಪಿದರೆ ಅಧಿಕಾರವೇ ಪ್ರಶ್ನೆಗೆ ಬೀಳುತ್ತದೆ. ಆಗ ಕೊಂಡವರು ಮಾರಿದವರ ಮೇಲೆ ಬೀಳುವುದೂ ಸುಲಭವಲ್ಲ. ಮಾರುವವರು ತಾವೇ ಮಾಲೀಕರೆಂದು ಹೇಳಿಕೊಳ್ಳುತ್ತಿಲ್ಲವೆಂದು ಸನ್ನಿವೇಶದಿಂದಲೇ ಕೊಳ್ಳುವವರಿಗೆ ತಿಳಿಯುವಂತಿದ್ದರೆ, ಒಡೆತನದ ಭರವಸೆ ಆ ಮಾರಾಟಕ್ಕೆ ಅನ್ವಯಿಸದು ಎನ್ನುತ್ತದೆ ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ 2-312ನೆಯ ವಿಧಿ.

ಕಾಗದಪತ್ರದ ತೊಡಕುಗಳು ಇದಕ್ಕಿಂತ ಹೆಚ್ಚು ಸಾಮಾನ್ಯ. ಮುಂಗಾಜಿನ ಕೆಳಗೆ, ಚಾಲಕರ ಬದಿಯ ಮೂಲೆಯಲ್ಲಿ, ಸಣ್ಣ ಲೋಹದ ಪಟ್ಟಿಯ ಮೇಲೆ ವಾಹನದ ಗುರುತಿನ ಸಂಖ್ಯೆ ಇರುತ್ತದೆ. ನಮ್ಮಲ್ಲಿ ಚಾಸಿಸ್ ನಂಬರು ಎನ್ನುವುದೂ ಇದನ್ನೇ. 1981ರಿಂದ ಇದು 17 ಅಕ್ಷರ-ಅಂಕಿಗಳ ಸಾಲು. ಒಂದು, ಸೊನ್ನೆಗಳೊಂದಿಗೆ ಕಲಸಿಹೋಗಬಾರದೆಂದು ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅಫಿಡವಿಟ್‌ನಲ್ಲಿ ಇದರ ಒಂದಂಕಿ ತಪ್ಪಿದರೂ ಅರ್ಜಿ ಕೌಂಟರಿನಿಂದಲೇ ವಾಪಸಾಗಬಹುದು. ಹಾಗಾಗಿ ನೋಡಲು ಸಿಗುವ 3 ಗಂಟೆಯಲ್ಲಿ ಎಂಜಿನ್ನಿಗಿಂತ ಮೊದಲು ಓದಬೇಕಾದದ್ದು ಈ ಪಟ್ಟಿ. ಬೇರೆ ರಾಜ್ಯದಲ್ಲಿ ನೆರೆಗೆ ಸಿಕ್ಕಿ ಅಥವಾ ನಜ್ಜುಗುಜ್ಜಾಗಿ 'ಸಾಲ್ವೇಜ್' ಮುದ್ರೆ ಪಡೆದ ಕಾರು ಮತ್ತೊಂದು ರಾಜ್ಯದಲ್ಲಿ ಮುದ್ರೆಯಿಲ್ಲದ ಟೈಟಲ್ ಗಿಟ್ಟಿಸಿಕೊಳ್ಳುವುದೂ ಉಂಟು. ಇದನ್ನು ತಡೆಯಲು 1992ರ ಕಾರು ಕಳವು ವಿರೋಧಿ ಕಾಯ್ದೆ ರಾಷ್ಟ್ರೀಯ ಟೈಟಲ್ ಮಾಹಿತಿ ವ್ಯವಸ್ಥೆಗೆ ತಳಹದಿ ಹಾಕಿತು. ಅದು ಸಾರ್ವಜನಿಕರಿಗೆ ತೆರೆದದ್ದು 2009ರಲ್ಲಿ.

ದಾಖಲೆ ಎಲ್ಲಿಯೂ ಕೂಡಿಬಾರದಿದ್ದರೆ ವಾಷಿಂಗ್ಟನ್ ಕಾನೂನು ಎರಡು ದಾರಿ ಬಿಟ್ಟಿದೆ. ಟೈಟಲ್ ಇಲ್ಲದೆ 3 ವರ್ಷ ಬರೀ ನೋಂದಣಿಯಲ್ಲಿ ವಾಹನ ಓಡಿಸುವುದು ಒಂದು. ವಾಹನದ ಮೌಲ್ಯದ ಒಂದೂವರೆ ಪಟ್ಟು ಮೊತ್ತಕ್ಕೆ ಬಾಂಡ್ ಕೊಟ್ಟು ಟೈಟಲ್ ಪಡೆಯುವುದು ಇನ್ನೊಂದು. ಬಿಟ್ಟುಹೋದ ಮಾಲೀಕರು ಯಾರಾದರೂ ಬಂದರೆ ಅವರಿಗಿರಲಿ ಎಂಬುದೇ ಎರಡರ ಹಿಂದಿನ ಕಾಳಜಿ. ಹಿಂದೆ ತಪ್ಪಿಹೋದ ನೋಟಿಸಿಗೆ ಕಾನೂನು ಇಲ್ಲಿ ಕಾಲದ ರೂಪದಲ್ಲೋ ಹಣದ ರೂಪದಲ್ಲೋ ಬೆಲೆ ಕಟ್ಟಿಸುತ್ತದೆ.

3. ಸಿಯಾಟಲ್ ನಗರ ಮತ್ತು ಲಾಂಗ್

ನೋಟಿಸು ಮನೆಯ ವಿಳಾಸಕ್ಕೆ ಹೋಗುತ್ತದೆ. ವಾಹನವೇ ಮನೆಯಾಗಿದ್ದರೆ? 2016ರ ಅಕ್ಟೋಬರಿನಲ್ಲಿ ಸಿಯಾಟಲ್‌ನಲ್ಲಿ ಸ್ಟೀವನ್ ಲಾಂಗ್ ಎಂಬ ಕಾರ್ಮಿಕರ ಟ್ರಕ್ಕನ್ನು ಎಳೆದೊಯ್ಯಲಾಯಿತು. ಒಂದೇ ಕಡೆ 72 ಗಂಟೆಗಿಂತ ಹೆಚ್ಚು ನಿಲ್ಲಿಸಬಾರದೆಂಬ ನಿಯಮ ಮೀರಿದ್ದು ಕಾರಣ. ಆಗ ಅವರು ಕೆಲಸಕ್ಕೆ ಹೋಗಿದ್ದರು. ಅವರು ವಾಸವಿದ್ದದ್ದು ಆ ಟ್ರಕ್ಕಿನಲ್ಲೇ, ದುಡಿಮೆಯ ಸಲಕರಣೆಗಳಿದ್ದದ್ದೂ ಅದರಲ್ಲೇ. ಬಿಡಿಸಿಕೊಳ್ಳುವ ವೆಚ್ಚ 900 ಡಾಲರ್ ದಾಟಿತ್ತು. ಹರಾಜು ತಪ್ಪಿಸಲು ಅವರು ತಿಂಗಳಿಗೆ 50 ಡಾಲರ್ ಕಂತಿನಲ್ಲಿ 557 ಡಾಲರ್ ಕಟ್ಟಲು ಒಪ್ಪಬೇಕಾಯಿತು.

2021ರ ಆಗಸ್ಟಿನಲ್ಲಿ ವಾಷಿಂಗ್ಟನ್ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ವಾಸಕ್ಕೆ ಬಳಸುವ ಟ್ರಕ್ಕು ವಾಸಸ್ಥಾನ ರಕ್ಷಣಾ ಕಾಯ್ದೆಯಡಿ ತಾನಾಗಿಯೇ ಮನೆ ಎನಿಸುತ್ತದೆ. ಆದರೆ ನಗರಾಡಳಿತ ಇನ್ನೂ ಸಾಲ ವಸೂಲಿಗೆ ಕೈಹಾಕಿಲ್ಲವಾದ್ದರಿಂದ ಆ ರಕ್ಷಣೆ ಚಾಲ್ತಿಗೆ ಬರುವ ಘಟ್ಟ ಬಂದಿಲ್ಲ ಎಂಬುದು ಮೊದಲನೆಯದು. ಅವರ ಆದಾಯದ ಸ್ಥಿತಿಯಲ್ಲಿ ಆ ಕಂತಿನ ಹೊರೆ ಸಂವಿಧಾನ ನಿಷೇಧಿಸಿದ ಅತಿಯಾದ ದಂಡ ಎಂಬುದು ಎರಡನೆಯದು. ಮಾಲೀಕರ ಪರವಾದ ತೀರ್ಪು ಎಂದೇ ಇದನ್ನು ಓದುವುದು ರೂಢಿ. ಕೊಳ್ಳುವವರ ಪಾಲಿಗೂ ಇದರಲ್ಲಿ ಪಾಠವಿದೆ: ಹರಾಜಿನ ಹಿಂದಿರುವ ಬಾಕಿಯೇ ಕಾನೂನಿಗೆ ನಿಲ್ಲದಿದ್ದರೆ, ಆ ಬಾಕಿಗಾಗಿ ಮಾಡಿದ ಮಾರಾಟವೂ ಪ್ರಶ್ನೆಗೆ ತೆರೆದುಕೊಳ್ಳುತ್ತದೆ.

ಇದರೊಂದಿಗೆ 2006ರ ಜೋನ್ಸ್ ಮತ್ತು ಫ್ಲವರ್ಸ್ ಪ್ರಕರಣವನ್ನು ಇಟ್ಟು ನೋಡಬೇಕು. ತೆರಿಗೆ ಬಾಕಿಗಾಗಿ ಅರ್ಕನ್ಸಾ ರಾಜ್ಯ ಮನೆಯೊಂದನ್ನು ಮಾರಿತ್ತು. ಮಾಲೀಕರಿಗೆ ಕಳಿಸಿದ ಸರ್ಟಿಫೈಡ್ ಅಂಚೆ ಪಡೆಯುವವರಿಲ್ಲದೆ ಮರಳಿತ್ತು. ಪತ್ರ ವಾಪಸು ಬಂದದ್ದು ಗೊತ್ತಾದ ಮೇಲೆ, ಸಾಧ್ಯವಿರುವ ಇನ್ನೊಂದು ಪ್ರಯತ್ನ ಮಾಡದೆ ಸರ್ಕಾರ ಮಾರಾಟಕ್ಕೆ ಮುಂದಾಗಬಾರದು ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ವಾಷಿಂಗ್ಟನ್ನಿನ 15 ದಿನಗಳ ಲೆಕ್ಕವಾದರೋ ಶುರುವಾಗುವುದು ಪತ್ರ ಕಳಿಸಿದ ದಿನದಿಂದ, ತಲುಪಿದ ದಿನದಿಂದ ಅಲ್ಲ.

4. ಕರ್ನಾಟಕದಲ್ಲಿ

ನಮ್ಮ ಕಾನೂನಿನ ತಳಹದಿಯೂ ಬೇರೆಯಲ್ಲ. ಸರ್ಕಾರಿ ಹರಾಜಿನಲ್ಲಿ ಕೊಂಡ ವಾಹನವನ್ನು ಹೆಸರಿಗೆ ಮಾಡಿಸಿಕೊಳ್ಳಲು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 57ನೆಯ ನಿಯಮದಂತೆ, ಸ್ವಾಧೀನ ಪಡೆದ 30 ದಿನಗಳೊಳಗೆ ಫಾರಂ 32 ತುಂಬಿ ಆರ್‌ಟಿಒಗೆ ಕೊಡಬೇಕು. ಮಾರಾಟ ಖಚಿತಪಡಿಸುವ ಪತ್ರ ಜೊತೆಗಿರಬೇಕು. ಕಂತು ತಪ್ಪಿದ ವಾಹನವನ್ನು ಫೈನಾನ್ಸಿನವರು ವಶಕ್ಕೆ ಪಡೆದು, ಆರ್‌ಸಿ ಇಲ್ಲದೆಯೇ ತಮ್ಮ ಹೆಸರಿಗೆ ಹೊಸ ಆರ್‌ಸಿ ಕೇಳಲು 1988ರ ಮೋಟಾರು ವಾಹನ ಕಾಯ್ದೆಯ 51ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಆರ್‌ಸಿಯಲ್ಲಿರುವ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿ ಮಾಲೀಕರಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕಾದದ್ದು ಇಲ್ಲಿ ನೋಂದಣಿ ಪ್ರಾಧಿಕಾರ. ಮಾರಾಟದಲ್ಲಿ ಲಾಭವಿರುವವರ ಕೈಯಿಂದ ನೋಟಿಸು ಹೊರಗಿರುವುದೇ ಈ ವ್ಯವಸ್ಥೆಯ ಮೇಲುಗೈ.

ಹೆಸರು ಬದಲಿಸದೆ ಬಿಡುವುದರ ಅಪಾಯ ಎರಡೂ ಕಡೆ ಒಂದೇ. ಕಾಯ್ದೆಯಲ್ಲಿರುವ 'ಮಾಲೀಕ' ಪದದ ವ್ಯಾಖ್ಯೆಯಂತೆ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಕಾರು ಎಷ್ಟು ಕೈ ದಾಟಿದ್ದರೂ ಅಪಘಾತದ ಹೊಣೆ ಅವರದೇ ಎಂದು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ವಾಷಿಂಗ್ಟನ್ನಿನಲ್ಲಿ ಕಾರು ಮಾರಿದವರು 5 ಕೆಲಸದ ದಿನಗಳೊಳಗೆ ಮಾರಾಟದ ವರದಿ ಸಲ್ಲಿಸದಿದ್ದರೆ, ಮುಂದೊಂದು ದಿನ ಯಾರೋ ಬೀದಿಯಲ್ಲಿ ಬಿಟ್ಟುಹೋದ ಆ ಕಾರಿನ ಟೋಯಿಂಗ್ ಖರ್ಚು ಅವರ ತಲೆಗೇ ಬರಬಹುದು. ಕೊಂಡವರು 15 ದಿನಗಳೊಳಗೆ ಟೈಟಲ್‌ಗೆ ಅರ್ಜಿ ಹಾಕಬೇಕು.

5. ನಿಷ್ಕರ್ಷೆ

ಈ ಚರ್ಚೆಯಿಂದ ಮೂರು ಸಲಹೆಗಳು ಹೊರಡುತ್ತವೆ. ಒಂದು, 15 ದಿನಗಳ ಎಣಿಕೆ ಪತ್ರ ತಲುಪಿದ ದಿನದಿಂದ ಶುರುವಾಗಬೇಕು. ಪತ್ರ ಮರಳಿದರೆ ಫೋನು ಇಲ್ಲವೆ ಇಮೇಲ್ ಮೂಲಕ ಮತ್ತೊಂದು ಪ್ರಯತ್ನ ಕಡ್ಡಾಯವಾಗಬೇಕು. ಎರಡು, ನೋಟಿಸು ಕಳಿಸುವ ಕೆಲಸ ಟೋಯಿಂಗ್ ಕಂಪನಿಯಿಂದ ಇಲಾಖೆಗೆ ಹೋಗಬೇಕು. ಮೂರು, ಅಂಚೆ ರಸೀದಿಯ ಪ್ರತಿ ಅಫಿಡವಿಟ್‌ನ ಭಾಗವಾಗಬೇಕು. ಕಾನೂನು ಬದಲಾಗುವ ತನಕ ಕೊಳ್ಳುವವರು ಅದನ್ನು ಕೇಳಿ ಪಡೆಯುವುದು ಒಳ್ಳೆಯದು. ಹರಾಜಿಗೆ ಹೋಗುವವರು ಬಹುಪಾಲು ಹೊಸ ಕಾರು ಕೊಳ್ಳಲಾಗದವರು, ಅಲ್ಲಿ ಕಾರು ಕಳೆದುಕೊಳ್ಳುವವರು ಅದನ್ನು ಬಿಡಿಸಿಕೊಳ್ಳಲಾಗದವರು. ಇಬ್ಬರ ಹಿತವೂ ಎದುರುಬದುರು ಎಂಬಂತೆ ಬರೆದ ಕಾನೂನು ಇಬ್ಬರನ್ನೂ ಕೈಬಿಡುತ್ತದೆ. ಮಾಲೀಕರಿಗೆ ನಿಜವಾಗಿ ತಲುಪಿದ ನೋಟಿಸು ಮಾತ್ರ ಇಬ್ಬರನ್ನೂ ಕಾಯಬಲ್ಲದು.