ಲಂಡನ್ನಿಗೆ ಹೋದ ನಮ್ಮ ಉಕ್ಕು

ಚೆನ್ನೈಗೆ ಬಂದ ಹೊಸದರಲ್ಲಿ ತೆಂಗಿನ ನಾರು, ಪಾರ್ಸೆಲ್ ಹಗ್ಗ, ವೈರು ಎಲ್ಲಕ್ಕೂ ಒದಗುವ ಮಡಚುವ ಚಾಕು ಹುಡುಕಿದ್ದೆ. ಅಂಗಡಿಯವರು ಹಿಡಿ, ಬಣ್ಣ, ಬ್ರ್ಯಾಂಡ್ ತೋರಿಸಿದರೇ ಹೊರತು ಉಕ್ಕು ಎಂಥದ್ದೆಂದು ಹೇಳಲಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ. 200 ವರ್ಷಕ್ಕೂ ಹಿಂದೆ ಲಂಡನ್ನಿನವರೂ ಅದನ್ನೇ ಕೇಳಿದ್ದರು.

1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧ ಬೊಂಬಾಯಿಯಿಂದ ಬಂದ ‘ವೂಟ್ಸ್’ ಎಂಬ ಉಕ್ಕಿನ ಬಗ್ಗೆ. ಆ ಹೆಸರು ನಮ್ಮ ‘ಉಕ್ಕು’ ಪದವೇ ತಿರುಚಿಕೊಂಡದ್ದು ಎಂದು ಹೆಚ್ಚಿನ ವಿದ್ವಾಂಸರ ಮತ. ಪರೀಕ್ಷೆಗೆಂದು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಅದರಲ್ಲಿ ಮಾಡಿದ್ದು ಕತ್ತಿಯಲ್ಲ, ಪೆನ್‌ನೈಫ್! ಕತ್ತಲಲ್ಲಷ್ಟೇ ಕಾಣುವ ಮಂದ ಕೆಂಪಿಗೆ ಕಾಯಿಸಿ ಬಡಿದ. ಬಡಿಯುವುದು ಕಷ್ಟವಾಯಿತು, ಅಲಗು ಮಾತ್ರ ಅಲ್ಲಿನ ಅತ್ಯುತ್ತಮ ಉಕ್ಕಿಗೆ ಸಮ. ಅತಿಯಾಗಿ ಕಾಯಿಸಿದರೆ ವೂಟ್ಸ್ ಸುತ್ತಿಗೆಯಡಿ ಪುಡಿಯಾಗುತ್ತದೆ, ಅದರಲ್ಲಿ ಸುಮಾರು 1.5% ಇಂಗಾಲ.

1800ರಲ್ಲಿ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಜತೆಗೆ ತಂಗಡಿ ಕಡ್ಡಿ, ಹಸಿ ಎಲೆ, ಬಾಯಿ ಮುಚ್ಚಿ ಕುಲುಮೆಗೆ. ಇಂಗಾಲ ಸೇರುತ್ತಿದ್ದದ್ದು ಆ ಕಡ್ಡಿ, ಎಲೆಯಿಂದ. (ತಂಗಡಿಯೆಂದರೆ ಇಲ್ಲಿಯವರು ಹೂವಿನ ಕಷಾಯ ಕುಡಿಯುವ ಆವಾರಂ.)

ಇಂಗಾಲ ಹೆಚ್ಚಿದ್ದರೆ ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಮೀಟಿದರೆ ಮುರಿಯುವ ಭಯ. ಇಲ್ಲಿಯ ಕಡಲಗಾಳಿಗೆ ತುಕ್ಕು ಬೇರೆ. ಆದರೂ ನಾನು ಕಾರ್ಬನ್ ಉಕ್ಕಿನದನ್ನೇ ಕೊಂಡೆ. ರಾತ್ರಿ ಒರೆಸಿ ಎಣ್ಣೆ ಸವರುತ್ತೇನೆ. ಡಬ್ಬದ ಮುಚ್ಚಳ ಮೀಟಲು ಸ್ಕ್ರೂಡ್ರೈವರ್ ಇದೆ.