ಬೇಸಿಗೆಯ ತಾಪ, ಹವಾನಿಯಂತ್ರಣ ಮತ್ತು ವಿದ್ಯುತ್ ಚಾಲಿತ ಕಾರುಗಳ ಸಂಚಾರ ವ್ಯಾಪ್ತಿ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕರ್ನಾಟಕ ರಾಜ್ಯವು 2017ರಲ್ಲಿ ವಿದ್ಯುತ್ ಚಾಲಿತ ವಾಹನ ಮತ್ತು ಇಂಧನ ಶೇಖರಣಾ ನೀತಿಯನ್ನು ಪ್ರಕಟಿಸಿದ್ದು, ದೇಶದಲ್ಲಿ ಇಂತಹ ನೀತಿಯನ್ನು ಜಾರಿಗೆ ತಂದ ಪ್ರಥಮ ರಾಜ್ಯವಾಗಿರುತ್ತದೆ. ತದನಂತರ ವಿದ್ಯುತ್ ಚಾಲಿತ ಕಾರುಗಳ ನೋಂದಣಿಗಾಗಿ ಹಾಗೂ ಮನೆಯಲ್ಲಿ ಚಾರ್ಜಿಂಗ್ ವ್ಯವಸ್ಥೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಸಂಖ್ಯೆ ಹೆಚ್ಚಿರುತ್ತದೆ. ಒಂದು ಬಾರಿ ಪೂರ್ಣವಾಗಿ ಚಾರ್ಜ್ ಮಾಡಿದಾಗ ಕಾರು ಕ್ರಮಿಸಬಲ್ಲ ದೂರವನ್ನು ಸಂಚಾರ ವ್ಯಾಪ್ತಿ ಅಥವಾ ರೇಂಜ್ ಎಂದು ಕರೆಯಲಾಗುತ್ತದೆ. ಬೇಸಿಗೆಯಲ್ಲಿ ಹವಾನಿಯಂತ್ರಣ ಅಂದರೆ ಎ.ಸಿ. ಬಳಸಿದಾಗ ಈ ವ್ಯಾಪ್ತಿಯು ಎಷ್ಟು ಕಡಿಮೆಯಾಗುತ್ತದೆ, ಏಕೆ ಕಡಿಮೆಯಾಗುತ್ತದೆ ಮತ್ತು ಅದಕ್ಕೆ ಅನುಗುಣವಾಗಿ ಪ್ರಯಾಣವನ್ನು ಯೋಜಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಘೋಷಿತ ವ್ಯಾಪ್ತಿಯ ಅರ್ಥ

ವಾಹನ ತಯಾರಕರು ಪ್ರಕಟಿಸುವ ವ್ಯಾಪ್ತಿಯನ್ನು ಎ.ಐ.ಎಸ್.-040 ಎಂಬ ಮಾನಕದಂತೆ ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮುಂತಾದ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಗಳಲ್ಲಿ ಅಳೆಯಲಾಗುತ್ತದೆ. ಪರೀಕ್ಷೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಪರಿಷ್ಕೃತ ಭಾರತೀಯ ಚಾಲನಾ ಚಕ್ರ ಎಂಬ ನಿಗದಿತ ವೇಗಕ್ರಮದಲ್ಲಿ ಓಡಿಸಲಾಗುತ್ತದೆ. ಈ ಕ್ರಮದಲ್ಲಿ ವೇಗವು ಗಂಟೆಗೆ 90 ಕಿ.ಮೀ. ಮೀರುವುದಿಲ್ಲ. ಎ.ಸಿ. ಚಾಲನೆಯಲ್ಲಿರುವುದಿಲ್ಲ.

ಈ ಅಳತೆಯು ವಿವಿಧ ಮಾದರಿಗಳನ್ನು ಒಂದೇ ಮಾನದಂಡದಲ್ಲಿ ಹೋಲಿಸಲು ಉಪಯುಕ್ತವಾಗಿರುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನ ರಸ್ತೆಯಲ್ಲಿ ದೊರೆಯುವ ವ್ಯಾಪ್ತಿಗೆ ಇದು ಭರವಸೆಯಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

3. ಪೆಟ್ರೋಲ್ ಕಾರಿಗೂ ವಿದ್ಯುತ್ ಕಾರಿಗೂ ಇರುವ ವ್ಯತ್ಯಾಸ

ಪೆಟ್ರೋಲ್ ಕಾರಿನಲ್ಲಿ ಎ.ಸಿ.ಯ ಸಂಕೋಚಕವನ್ನು ಎಂಜಿನ್ ತಿರುಗಿಸುತ್ತದೆ. ವಿದ್ಯುತ್ ಕಾರಿನಲ್ಲಿ ಸಂಕೋಚಕಕ್ಕೆ ತನ್ನದೇ ಮೋಟಾರು ಇದ್ದು, ಚಕ್ರಗಳನ್ನು ತಿರುಗಿಸುವ ಬ್ಯಾಟರಿಯಿಂದಲೇ ಅದಕ್ಕೂ ವಿದ್ಯುತ್ ಪೂರೈಕೆಯಾಗುತ್ತದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ಗಳಷ್ಟು ಶಕ್ತಿ ಅಡಗಿರುತ್ತದೆ. ಅಂದರೆ 35 ಲೀಟರ್ ಟ್ಯಾಂಕಿನಲ್ಲಿ 300 ಯೂನಿಟ್‌ಗಳಿಗೂ ಹೆಚ್ಚು ಶಕ್ತಿ ಇರುತ್ತದೆ. ಅದರ ಬಹುಭಾಗವು ಎಂಜಿನ್ನಿನಲ್ಲಿ ಶಾಖವಾಗಿ ನಷ್ಟವಾಗುವುದರಿಂದ ಎ.ಸಿ.ಯ ಪಾಲು ಸುಲಭವಾಗಿ ಕಾಣುವುದಿಲ್ಲ. ಇದಕ್ಕೆ ಪ್ರತಿಯಾಗಿ ಸಣ್ಣ ವಿದ್ಯುತ್ ಕಾರಿನ ಬ್ಯಾಟರಿಯು ಸುಮಾರು 30 ಯೂನಿಟ್‌ಗಳನ್ನು ಮಾತ್ರ ಹೊಂದಿರುತ್ತದೆ. ಮೋಟಾರು ಅದನ್ನು ಅತ್ಯಲ್ಪ ನಷ್ಟದಿಂದ ಬಳಸುವ ಕಾರಣ ಅಷ್ಟರಲ್ಲಿಯೇ 200 ಕಿ.ಮೀ. ಮೀರಿ ಸಂಚರಿಸಲು ಸಾಧ್ಯವಾಗುತ್ತದೆ. ಆದುದರಿಂದ ಎ.ಸಿ. ಬಳಸುವ ಒಂದೊಂದು ಯೂನಿಟ್ಟೂ ದೂರದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ವಿದ್ಯುತ್ ಕಾರಿನ ಎ.ಸಿ. ಹೆಚ್ಚು ಶಕ್ತಿಯನ್ನು ಪೋಲು ಮಾಡುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ.

4. ಎ.ಸಿ. ವಿದ್ಯುತ್ ಬಳಸುವುದು ಗಂಟೆಯ ಲೆಕ್ಕದಲ್ಲಿ

ಮೋಟಾರು ಕ್ರಮಿಸಿದ ಕಿಲೋಮೀಟರುಗಳಿಗೆ ಅನುಗುಣವಾಗಿ ವಿದ್ಯುತ್ ಬಳಸುತ್ತದೆ. ಎ.ಸಿ.ಯಾದರೋ ಚಾಲನೆಯಲ್ಲಿರುವ ಸಮಯಕ್ಕೆ ಅನುಗುಣವಾಗಿ ಬಳಸುತ್ತದೆ. ಕಾರು ನಿಂತಿದ್ದರೂ ಎ.ಸಿ. ನಿಲ್ಲುವುದಿಲ್ಲ. ಬಿಸಿಲಿನಲ್ಲಿ ಕಾದ ಕಾರನ್ನು ತಂಪುಗೊಳಿಸುವ ಮೊದಲ ಕೆಲವು ನಿಮಿಷಗಳಲ್ಲಿ ಬಳಕೆ ಅತಿ ಹೆಚ್ಚು. ಒಳಭಾಗ ತಂಪಾದ ನಂತರ ಅದು ಇಳಿಯುತ್ತದೆ.

ಉದಾಹರಣೆಗೆ, ಬಳಕೆಗೆ 30 ಯೂನಿಟ್ ದೊರೆಯುವ ಬ್ಯಾಟರಿ, ಪ್ರತಿ 100 ಕಿ.ಮೀ.ಗೆ 12 ಯೂನಿಟ್ ಬಳಸುವ ಮೋಟಾರು ಮತ್ತು ಕಡು ಬೇಸಿಗೆಯಲ್ಲಿ ಗಂಟೆಗೆ ಸರಾಸರಿ 1.5 ಯೂನಿಟ್ ಬಳಸುವ ಎ.ಸಿ. ಎಂದು ಭಾವಿಸಿದಲ್ಲಿ ವ್ಯಾಪ್ತಿಯು ಈ ಕೆಳಕಂಡಂತಿರುತ್ತದೆ.

– ಎ.ಸಿ. ಇಲ್ಲದೆ: 250 ಕಿ.ಮೀ.
– ಎ.ಸಿ. ಸಹಿತ, ಸರಾಸರಿ ವೇಗ ಗಂಟೆಗೆ 60 ಕಿ.ಮೀ.: ಸುಮಾರು 207 ಕಿ.ಮೀ. (ಇಳಿಕೆ ಶೇ. 17)
– ಎ.ಸಿ. ಸಹಿತ, ಸರಾಸರಿ ವೇಗ ಗಂಟೆಗೆ 40 ಕಿ.ಮೀ.: ಸುಮಾರು 190 ಕಿ.ಮೀ. (ಇಳಿಕೆ ಶೇ. 24)
– ಎ.ಸಿ. ಸಹಿತ, ಸರಾಸರಿ ವೇಗ ಗಂಟೆಗೆ 20 ಕಿ.ಮೀ.: ಸುಮಾರು 154 ಕಿ.ಮೀ. (ಇಳಿಕೆ ಶೇ. 38)

ಲೆಕ್ಕ ಸುಲಭವಾಗಲೆಂದು ಮೋಟಾರಿನ ಬಳಕೆಯನ್ನು ಎಲ್ಲ ವೇಗಗಳಿಗೂ ಒಂದೇ ಎಂದು ಇಟ್ಟುಕೊಳ್ಳಲಾಗಿದೆ. ವಾಹನದ ಮಾದರಿ, ರಸ್ತೆಯ ಏರಿಳಿತ ಮತ್ತು ಪ್ರಯಾಣಿಕರ ಸಂಖ್ಯೆಗೆ ಅನುಗುಣವಾಗಿ ಅಂಕಿಗಳು ಬದಲಾಗುತ್ತವೆ. ಆದರೆ ಬೆಂಗಳೂರಿನಂತಹ ನಗರದ ದಟ್ಟಣೆಯಲ್ಲಿ ಎ.ಸಿ.ಯ ಪಾಲು ಹೆದ್ದಾರಿಗಿಂತ ಹೆಚ್ಚು ಎಂಬ ಅಂಶವು ಎಲ್ಲ ಕಾರುಗಳಿಗೂ ಅನ್ವಯಿಸುತ್ತದೆ. ಮೇಲಿನ ಉದಾಹರಣೆಯ ಕಾರು ದಟ್ಟಣೆಯಲ್ಲಿ ಒಂದು ಗಂಟೆ ನಿಂತಲ್ಲಿಯೇ ನಿಂತರೆ ಸುಮಾರು 12 ಕಿ.ಮೀ. ವ್ಯಾಪ್ತಿ ವ್ಯಯವಾಗುತ್ತದೆ. ಬಾಡಿಗೆ ಕಾರಿನ ಚಾಲಕರು ದಿನದ ಆದಾಯವನ್ನು ಅಂದಾಜಿಸುವಾಗ ಕಾಯುವ ಸಮಯವನ್ನೂ ಈ ಲೆಕ್ಕಕ್ಕೆ ಸೇರಿಸುವುದು ಸೂಕ್ತ.

ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಐದು ಕಾರುಗಳ ಪರೀಕ್ಷೆಯಲ್ಲಿ, 35 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಎ.ಸಿ. ಬಳಸಿದಾಗ ವ್ಯಾಪ್ತಿಯು ಸರಾಸರಿ ಶೇ. 17ರಷ್ಟು ಇಳಿದಿತ್ತು. ಎ.ಸಿ. ಬಳಸದಿದ್ದಾಗ ಇಳಿಕೆಯು ಕೇವಲ ಶೇ. 4ರಷ್ಟಿತ್ತು. ಅಂದರೆ ಪ್ರಯಾಣದ ದಿನ ಕಂಡುಬರುವ ಇಳಿಕೆಯ ಬಹುಪಾಲು ತಂಪುಗೊಳಿಸುವ ಕಾರ್ಯದಿಂದ ಉಂಟಾಗುತ್ತದೆ.

5. ಹೆದ್ದಾರಿ ಪ್ರಯಾಣ: ವೇಗವೋ, ಎ.ಸಿ.ಯೋ?

ವ್ಯಾಪ್ತಿ ಸಾಲದೆಂಬ ಆತಂಕದಿಂದ ಕೆಲವರು ಸುಡುಬಿಸಿಲಿನಲ್ಲಿಯೂ ಎ.ಸಿ. ನಿಲ್ಲಿಸಿ ಪ್ರಯಾಣಿಸುವುದುಂಟು. ಹೆದ್ದಾರಿಯಲ್ಲಿ ಇದರಿಂದ ಆಗುವ ಉಳಿತಾಯ ಅಲ್ಪ. ಗಾಳಿಯ ಪ್ರತಿರೋಧವು ವೇಗದೊಂದಿಗೆ ತೀವ್ರವಾಗಿ ಏರುವುದರಿಂದ, ವೇಗವನ್ನು ತಗ್ಗಿಸಿದಾಗ ದೊರೆಯುವ ಉಳಿತಾಯವೇ ಹೆಚ್ಚು.

ಕಲಬುರಗಿಯಿಂದ ವಿಜಯಪುರಕ್ಕೆ ಸುಮಾರು 160 ಕಿ.ಮೀ. ದೂರವಿದೆ. ಮೇಲ್ಕಂಡ ಕಾರಿನ ಮೋಟಾರು ಗಂಟೆಗೆ 90 ಕಿ.ಮೀ. ವೇಗದಲ್ಲಿ ಪ್ರತಿ 100 ಕಿ.ಮೀ.ಗೆ 16.5 ಯೂನಿಟ್ ಹಾಗೂ 60 ಕಿ.ಮೀ. ವೇಗದಲ್ಲಿ 12 ಯೂನಿಟ್ ಬಳಸುತ್ತದೆ ಎಂದು ಭಾವಿಸಿದಲ್ಲಿ:

– 90 ಕಿ.ಮೀ. ವೇಗ, ಎ.ಸಿ. ಸಹಿತ: ಸುಮಾರು 29 ಯೂನಿಟ್ ಬೇಕಾಗುತ್ತದೆ. ಬ್ಯಾಟರಿ ಬಹುತೇಕ ಬರಿದಾಗುತ್ತದೆ.
– 90 ಕಿ.ಮೀ. ವೇಗ, ಎ.ಸಿ. ರಹಿತ: ಸುಮಾರು 26.4 ಯೂನಿಟ್ ಬೇಕಾಗುತ್ತದೆ.
– 60 ಕಿ.ಮೀ. ವೇಗ, ಎ.ಸಿ. ಸಹಿತ: ಸುಮಾರು 23.2 ಯೂನಿಟ್ ಸಾಕಾಗುತ್ತದೆ. ಪ್ರಯಾಣದ ಅವಧಿ ಸುಮಾರು 53 ನಿಮಿಷ ಹೆಚ್ಚಾಗುತ್ತದೆ.

ಆದುದರಿಂದ ಹೆದ್ದಾರಿಯಲ್ಲಿ ಚಾರ್ಜ್ ಕಡಿಮೆ ಇರುವುದು ಕಂಡುಬಂದಲ್ಲಿ ಮೊದಲು ವೇಗವನ್ನು ತಗ್ಗಿಸತಕ್ಕದ್ದು. ಕಾರಿನಲ್ಲಿ ಹಸುಗೂಸುಗಳು, ಗರ್ಭಿಣಿಯರು, ವಯೋವೃದ್ಧರು ಅಥವಾ ರೋಗಿಗಳು ಇದ್ದಾಗ ಯಾವ ಕಾರಣಕ್ಕೂ ದೂರ ಉಳಿಸುವ ಸಲುವಾಗಿ ಎ.ಸಿ. ನಿಲ್ಲಿಸಬಾರದು. ಶಾಖಾಘಾತವು ಪ್ರಾಣಾಪಾಯಕಾರಿ. ಒಂದು ಚಾರ್ಜಿಂಗ್ ಕೇಂದ್ರದಲ್ಲಿ ಅರ್ಧ ಗಂಟೆ ತಂಗುವುದರಿಂದ ಅದನ್ನು ತಪ್ಪಿಸಬಹುದಾಗಿದೆ.

6. ಪ್ರದೇಶವಾರು ಗಮನಿಸಬೇಕಾದ ಅಂಶಗಳು

ಕಲ್ಯಾಣ ಕರ್ನಾಟಕದ ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ತಾಪವು 40 ಡಿಗ್ರಿ ಮೀರುವುದು ಸಾಮಾನ್ಯ. ಹೊರಗಿನ ಮತ್ತು ಒಳಗಿನ ತಾಪದ ಅಂತರ ಹೆಚ್ಚಾದಷ್ಟೂ ಸಂಕೋಚಕದ ಕೆಲಸ ಹೆಚ್ಚುತ್ತದೆ.

ಮಂಗಳೂರು, ಉಡುಪಿ, ಕಾರವಾರ ಮುಂತಾದ ಕರಾವಳಿ ಪ್ರದೇಶಗಳಲ್ಲಿ ತಾಪವು ಇದಕ್ಕಿಂತ ಕಡಿಮೆಯಿದ್ದರೂ ಗಾಳಿಯಲ್ಲಿ ತೇವಾಂಶ ಅಧಿಕವಾಗಿರುತ್ತದೆ. ಆ ತೇವಾಂಶವನ್ನು ನೀರಾಗಿಸಿ ಹೊರಹಾಕಲು ಎ.ಸಿ. ಪ್ರತ್ಯೇಕವಾಗಿ ಶ್ರಮಿಸಬೇಕಾಗುತ್ತದೆ. ಆದ್ದರಿಂದ ಕೇವಲ ತಾಪಮಾನವನ್ನು ನೋಡಿ ವ್ಯಾಪ್ತಿಯನ್ನು ಅಂದಾಜಿಸಬಾರದು.

ಬೆಂಗಳೂರಿನಲ್ಲಿ ತಾಪವು ಸಾಮಾನ್ಯವಾಗಿ ಮಿತವಾಗಿದ್ದರೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಇಲ್ಲಿ ವ್ಯಾಪ್ತಿಯನ್ನು ಕುಗ್ಗಿಸುವುದು ಮುಖ್ಯವಾಗಿ ನಿಧಾನಗತಿಯ ಸಂಚಾರ.

7. ಬ್ಯಾಟರಿಯ ಆಯುಷ್ಯದ ಮೇಲೆ ಪರಿಣಾಮ

ಎ.ಸಿ.ಯಿಂದಾಗುವ ಇಳಿಕೆಯು ತಾತ್ಕಾಲಿಕ. ತಂಪು ಹವೆ ಬಂದೊಡನೆ ವ್ಯಾಪ್ತಿಯು ಮರಳುತ್ತದೆ. ಆದರೆ ಲಿಥಿಯಂ-ಅಯಾನ್ ಬ್ಯಾಟರಿಯು ದೀರ್ಘಕಾಲ ಹೆಚ್ಚಿನ ತಾಪದಲ್ಲಿದ್ದರೆ ಅದರ ಸಾಮರ್ಥ್ಯವು ಶಾಶ್ವತವಾಗಿ ಕುಗ್ಗುತ್ತದೆ. ಬ್ಯಾಟರಿ ಪೂರ್ಣವಾಗಿ ಚಾರ್ಜ್ ಆಗಿದ್ದು ಬಿಸಿಲಿನಲ್ಲಿ ದಿನಗಟ್ಟಲೆ ನಿಂತಿದ್ದರೆ ಈ ಹಾನಿ ಹೆಚ್ಚು.

2012ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಪ್ರದೇಶದಲ್ಲಿ, ದ್ರವದಿಂದ ತಂಪುಗೊಳಿಸುವ ವ್ಯವಸ್ಥೆ ಇಲ್ಲದ ಬ್ಯಾಟರಿಯ ಕಾರುಗಳು ನಿರೀಕ್ಷೆಗಿಂತ ಬೇಗನೆ ಸಾಮರ್ಥ್ಯ ಕಳೆದುಕೊಂಡವೆಂದು ಮಾಲೀಕರು ದೂರಿದ್ದರು. ಇಂದಿನ ಅನೇಕ ಕಾರುಗಳಲ್ಲಿ ದ್ರವದಿಂದ ತಂಪುಗೊಳಿಸುವ ವ್ಯವಸ್ಥೆ ಇರುತ್ತದೆ. ಈ ವ್ಯವಸ್ಥೆಯೂ ಸ್ವಲ್ಪ ವಿದ್ಯುತ್ ಬಳಸುತ್ತದೆಯಾದರೂ ಬ್ಯಾಟರಿಯ ಆಯುಷ್ಯವನ್ನು ಕಾಪಾಡುತ್ತದೆ. ತೀವ್ರ ತಾಪದಲ್ಲಿ ವೇಗದ ಚಾರ್ಜಿಂಗ್ ಮಾಡಿದಾಗ ಕಾರು ತಾನಾಗಿಯೇ ಚಾರ್ಜಿಂಗ್ ವೇಗವನ್ನು ತಗ್ಗಿಸಬಹುದು. ಇದು ದೋಷವಲ್ಲ, ರಕ್ಷಣಾ ಕ್ರಮವಾಗಿರುತ್ತದೆ.

8. ವಾಹನ ಮಾಲೀಕರು ಅನುಸರಿಸಬೇಕಾದ ಕ್ರಮಗಳು

ಅ) ಕಾರನ್ನು ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸುವುದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ 2018ರ ಅಧ್ಯಯನದಲ್ಲಿ ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ತಾಪವು ಸರಾಸರಿ 47 ಡಿಗ್ರಿಯಷ್ಟಿದ್ದು, ನೆರಳಿನಲ್ಲಿ ನಿಂತವುಗಳಲ್ಲಿ 38 ಡಿಗ್ರಿಯಷ್ಟಿತ್ತು.

ಆ) ಮನೆಯಲ್ಲಿ ಚಾರ್ಜರ್ ಜೋಡಿಸಿರುವಾಗಲೇ ಮೊಬೈಲ್ ಆ್ಯಪ್ ಅಥವಾ ಕಾರಿನ ಸೌಲಭ್ಯದ ಮೂಲಕ ಒಳಭಾಗವನ್ನು ತಂಪುಗೊಳಿಸಿ ಹೊರಡುವುದು. ಇದರಿಂದ ಆರಂಭದ ಹೆಚ್ಚಿನ ಬಳಕೆಯ ಬಹುಭಾಗವು ಬ್ಯಾಟರಿಯ ಬದಲು ಮನೆಯ ಸಂಪರ್ಕದಿಂದ ದೊರೆಯುತ್ತದೆ.

ಇ) ಕಾದ ಕಾರಿನ ಬಾಗಿಲು ಮತ್ತು ಕಿಟಕಿಗಳನ್ನು ಒಂದೆರಡು ನಿಮಿಷ ತೆರೆದು ಬಿಸಿ ಗಾಳಿ ಹೊರಹೋದ ಮೇಲೆ ಎ.ಸಿ. ಹಾಕುವುದು. ಒಳಭಾಗ ತಂಪಾದ ನಂತರ ಒಳಗಿನ ಗಾಳಿಯನ್ನೇ ಮರುಬಳಸುವ ಗುಂಡಿಯನ್ನು ಒತ್ತುವುದು. ದೀರ್ಘ ಪ್ರಯಾಣದಲ್ಲಿ ಆಗಾಗ್ಗೆ ಹೊರಗಾಳಿಯನ್ನು ಬಿಡುವುದು.

ಈ) ತಾಪವನ್ನು 24 ಡಿಗ್ರಿಯ ಆಸುಪಾಸಿನಲ್ಲಿ ಇರಿಸುವುದು.

ಉ) ಬೇಸಿಗೆಯ ಪ್ರಯಾಣದಲ್ಲಿ ಬ್ಯಾಟರಿಯ ಶೇ. 20ರಷ್ಟನ್ನು ಮೀಸಲಾಗಿ ಉಳಿಸಿಕೊಂಡು ಮುಂದಿನ ಚಾರ್ಜಿಂಗ್ ಕೇಂದ್ರವನ್ನು ನಿಗದಿಪಡಿಸಿಕೊಳ್ಳುವುದು.

ಊ) ಕಾರನ್ನು ಹಲವು ದಿನ ನಿಲ್ಲಿಸಬೇಕಾದಲ್ಲಿ ಪೂರ್ಣ ಚಾರ್ಜ್‌ನಲ್ಲಿ ಬಿಡದಿರುವುದು. ದೈನಂದಿನ ಚಾರ್ಜಿಂಗ್ ಮಿತಿಯು ಬ್ಯಾಟರಿಯ ರಾಸಾಯನಿಕಕ್ಕೆ ತಕ್ಕಂತೆ ಬೇರೆಯಾಗುವುದರಿಂದ ತಯಾರಕರ ಕೈಪಿಡಿಯನ್ನು ಅನುಸರಿಸುವುದು.

ಋ) ಬಿಸಿಲು ತಡೆಯುವ ನೆಪದಲ್ಲಿ ಗಾಜುಗಳನ್ನು ಕಪ್ಪಾಗಿಸಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರಂತೆ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು.

ೠ) ಮಕ್ಕಳನ್ನು ಅಥವಾ ಸಾಕುಪ್ರಾಣಿಗಳನ್ನು ನಿಂತ ಕಾರಿನಲ್ಲಿ ಎಂದಿಗೂ ಒಂಟಿಯಾಗಿ ಬಿಡಬಾರದು. ಎ.ಸಿ. ಚಾಲನೆಯಲ್ಲಿದ್ದರೂ ಇದು ಅನ್ವಯಿಸುತ್ತದೆ.

9. ಚಾರ್ಜಿಂಗ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಮನೆಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಕಾರನ್ನು ಚಾರ್ಜ್ ಮಾಡಲು ಅವಕಾಶವಿರುತ್ತದೆ. ಆದರೆ ಬೇಸಿಗೆಯಲ್ಲಿ ಕಾರಿನ ದೈನಂದಿನ ಬಳಕೆ ಹೆಚ್ಚುವುದಲ್ಲದೆ, ಮನೆಯ ಎ.ಸಿ. ಮತ್ತು ಚಾರ್ಜರ್ ಏಕಕಾಲದಲ್ಲಿ ಚಾಲನೆಯಲ್ಲಿರುವ ಸಂಭವ ಹೆಚ್ಚು. ಸಾಮಾನ್ಯ ಚಾರ್ಜರ್ ಸುಮಾರು 3.3 ಕಿಲೋವ್ಯಾಟ್, ಗೋಡೆಗೆ ಅಳವಡಿಸುವ ಚಾರ್ಜರ್ ಸುಮಾರು 7.2 ಕಿಲೋವ್ಯಾಟ್ ಸೆಳೆಯುತ್ತದೆ. ಆದ್ದರಿಂದ ಅರ್ಜಿದಾರರು ವಿದ್ಯುತ್ ಬಿಲ್ಲಿನಲ್ಲಿರುವ ಮಂಜೂರಾದ ಹೊರೆಯನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಹೆಚ್ಚುವರಿ ಹೊರೆಗೆ ತಮ್ಮ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು.

ಗ್ರಾಹಕರ ಹಕ್ಕುಗಳಿಗೆ ಸಂಬಂಧಿಸಿದ ಕೇಂದ್ರದ ವಿದ್ಯುತ್ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿಯಂತೆ, ಕಾರಿನ ಚಾರ್ಜಿಂಗ್‌ಗಾಗಿ ಪ್ರತ್ಯೇಕ ಸಂಪರ್ಕವನ್ನೂ ಕೋರಬಹುದಾಗಿದೆ. ಅರ್ಜಿಯು ಪರಿಪೂರ್ಣವಾಗಿದ್ದಲ್ಲಿ ಸಂಪರ್ಕ ನೀಡಲು ಮಹಾನಗರಗಳಲ್ಲಿ 3 ದಿನ, ಇತರ ಪುರಸಭಾ ಪ್ರದೇಶಗಳಲ್ಲಿ 7 ದಿನ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 15 ದಿನಗಳ ಗರಿಷ್ಠ ಅವಧಿಯನ್ನು ನಿಗದಿಪಡಿಸಲಾಗಿದೆ. ಗುಡ್ಡಗಾಡಿನ ಗ್ರಾಮಾಂತರ ಪ್ರದೇಶಗಳಿಗೆ ಈ ಅವಧಿ 30 ದಿನ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖರೀದಿಗೆ ಮುನ್ನ ಎಷ್ಟು ವ್ಯಾಪ್ತಿಯ ಕಾರು ಸಾಕೆಂದು ನಿರ್ಧರಿಸುವುದು ಹೇಗೆ?
ಉತ್ತರ: ದಿನಕ್ಕೆ ಎಷ್ಟು ಕಿ.ಮೀ. ಎಂಬುದರ ಜೊತೆಗೆ ಎಷ್ಟು ಗಂಟೆ ಕಾರಿನಲ್ಲಿ ಕಳೆಯಲಾಗುತ್ತದೆ ಎಂಬುದನ್ನೂ ಬರೆದಿಟ್ಟುಕೊಂಡು ಮೇಲಿನ 4ನೇ ಕಂಡಿಕೆಯಂತೆ ಲೆಕ್ಕ ಹಾಕುವುದು. ಸಾಧ್ಯವಿದ್ದಲ್ಲಿ ಪರೀಕ್ಷಾ ಚಾಲನೆಯನ್ನು ಬೇಸಿಗೆಯ ಮಧ್ಯಾಹ್ನ, ಎ.ಸಿ. ಸಹಿತ ಮಾಡುವುದು.

ಪ್ರಶ್ನೆ: ಕಾರಿನ ಫಲಕದಲ್ಲಿ ತೋರಿಸುವ ದೂರವನ್ನು ನಂಬಬಹುದೇ?
ಉತ್ತರ: ಅದು ಹಿಂದಿನ ಚಾಲನೆಯ ಆಧಾರದ ಅಂದಾಜು ಮಾತ್ರ. ಬೆಳಗಿನ ತಂಪಿನಲ್ಲಿ ತೋರಿದ ಅಂಕಿಯು ಮಧ್ಯಾಹ್ನಕ್ಕೆ ಅನ್ವಯಿಸದಿರಬಹುದು. ಬ್ಯಾಟರಿಯ ಶೇಕಡಾ ಪ್ರಮಾಣವನ್ನು ಗಮನಿಸುವುದು ಹೆಚ್ಚು ಸೂಕ್ತ.

ಪ್ರಶ್ನೆ: ಚಾರ್ಜಿಂಗ್ ಕೇಂದ್ರದ ಬಿಲ್ಲಿನಲ್ಲಿ ಬ್ಯಾಟರಿ ಸೇರಿದ್ದಕ್ಕಿಂತ ಹೆಚ್ಚು ಯೂನಿಟ್ ಏಕೆ ಬರುತ್ತದೆ?
ಉತ್ತರ: ಚಾರ್ಜಿಂಗ್ ವೇಳೆ ಬ್ಯಾಟರಿಯನ್ನು ತಂಪುಗೊಳಿಸಲು ಮತ್ತು ಒಳಗೆ ಕುಳಿತವರು ಬಳಸುವ ಎ.ಸಿ.ಗೆ ಆ ವಿದ್ಯುತ್ತಿನ ಒಂದು ಭಾಗ ವ್ಯಯವಾಗುತ್ತದೆ.

ಪ್ರಶ್ನೆ: ದಾರಿಯಲ್ಲಿ ಚಾರ್ಜ್ ಮುಗಿದಲ್ಲಿ ಏನು ಮಾಡಬೇಕು?
ಉತ್ತರ: ಕಾರನ್ನು ರಸ್ತೆಯ ಅಂಚಿಗೆ ತಂದು ಅಪಾಯ ಸೂಚಕ ದೀಪಗಳನ್ನು ಹಾಕಿ, ಪ್ರಯಾಣಿಕರನ್ನು ನೆರಳಿಗೆ ಕರೆದೊಯ್ಯುವುದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದಾಗಿದೆ.

ಸೂಚನೆ: ಉದಾಹರಣೆಗಳಲ್ಲಿನ ಕಾರು ಮತ್ತು ಅದರ ಬಳಕೆಯ ಅಂಕಿಗಳು ವಿವರಣೆಗಾಗಿ ಮಾತ್ರ. ನಿರ್ದಿಷ್ಟ ಮಾದರಿಯ ಬ್ಯಾಟರಿ ಸಾಮರ್ಥ್ಯ, ತಂಪುಗೊಳಿಸುವ ವ್ಯವಸ್ಥೆ ಮತ್ತು ವಾರಂಟಿಯ ಷರತ್ತುಗಳನ್ನು ಖರೀದಿಗೆ ಮುನ್ನ ಲಿಖಿತವಾಗಿ ಪಡೆದುಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.