ಗುಳ್ಳೆಯ ಬಲೆ, ಎರಡನೇ ನಂಬರಿನ ಲೆಕ್ಕ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಓದಿದ್ದು ಬಿ.ಕಾಂ. ಜೀವಶಾಸ್ತ್ರದ ಪುಸ್ತಕ ಮುಚ್ಚಿಟ್ಟದ್ದು ಹತ್ತನೇ ಕ್ಲಾಸಿನಲ್ಲಿ. ಹಾಗಾಗಿ ತಿಮಿಂಗಿಲದ ಬಗ್ಗೆ ಇವನಿಗೇನು ಗೊತ್ತು ಅಂತ ನೀವು ಕೇಳಿದರೆ ತಪ್ಪೇನಿಲ್ಲ. ನಾನು ಈ ಕಥೆಗೆ ಬಂದದ್ದು ಲೆಕ್ಕದ ಪುಸ್ತಕದ ದಾರಿ ಹಿಡಿದು. ಸುಳ್ಳು ಲೆಕ್ಕ ಬರೆದವರ ಚರಿತ್ರೆ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಮೀನು ಹಿಡಿಯೋ ವಿದ್ಯೆಯ ಚರಿತ್ರೆ. ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ಮೀನು.

ಸುಮಾರು 1250ರ ನಾರ್ವೆ. ಅಲ್ಲಿ ಒಂದು ಪುಸ್ತಕ ಬರೆಯಲಾಗುತ್ತೆ. ಅದರ ಹೆಸರನ್ನ ಕನ್ನಡಕ್ಕೆ ತಂದರೆ ‘ರಾಜನ ಕನ್ನಡಿ’. ಮಗ ಪ್ರಶ್ನೆ ಕೇಳ್ತಾನೆ, ಅಪ್ಪ ಉತ್ತರ ಹೇಳ್ತಾನೆ. ಇಡೀ ಪುಸ್ತಕ ಹೀಗೇ ಸಾಗುತ್ತೆ. ಉತ್ತರದ ಕಡಲಿನಲ್ಲಿ ಏನೇನಿದೆ ಅಂತ ಹೇಳ್ತಾ ಅಪ್ಪ ಹಾಫ್‌ಗುಫಾ ಅನ್ನೋ ಒಂದು ದೈತ್ಯ ಮೀನಿನ ವಿಷಯ ತೆಗೀತಾನೆ. ಅದಕ್ಕೆ ಹಸಿವಾದಾಗ ಬಾಯಿಂದ ಒಂದಿಷ್ಟು ಆಹಾರ ಹೊರಗೆ ಕಕ್ಕುತ್ತಂತೆ. ಆ ವಾಸನೆಗೆ ಸುತ್ತಲಿನ ಮೀನೆಲ್ಲ ಬಂದು ಸೇರುತ್ತವಂತೆ. ಅದು ಬಾಯಿ ತೆರೆದುಕೊಂಡು ಸುಮ್ಮನೆ ಕಾಯ್ತಾ ಇರುತ್ತೆ. ಬಾಯಿ ತುಂಬಿದ ಮೇಲೆ ಮುಚ್ಚುತ್ತೆ. ಅಷ್ಟೇ.

ಮುಂದಿನ ಕಾಲದವರು ಇದನ್ನ ರಾಕ್ಷಸ ಪ್ರಾಣಿಗಳ ಪಟ್ಟಿಗೆ ಸೇರಿಸಿ ಮರೆತರು. ಅಜ್ಜಿಕಥೆ ಅಂದ್ಕೊಂಡರು.

ಈಗ 2011ಕ್ಕೆ ಬನ್ನಿ. ಕೆನಡಾದ ಪಶ್ಚಿಮ ತೀರ, ವ್ಯಾಂಕೂವರ್ ದ್ವೀಪದ ಹತ್ತಿರ. ಅಲ್ಲಿನ ಸಂಶೋಧಕರಿಗೆ ಒಂದು ಹಂಪ್‌ಬ್ಯಾಕ್ ತಿಮಿಂಗಿಲ ವಿಚಿತ್ರವಾಗಿ ನಡ್ಕೊಳ್ಳೋದು ಕಾಣಿಸ್ತು. ಹಂಪ್‌ಬ್ಯಾಕ್ ಅಂದ್ರೆ ಗೂನುಬೆನ್ನಿನ ತಿಮಿಂಗಿಲ. ಹದಿನೈದು ಮೀಟರ್‌ವರೆಗೆ ಉದ್ದ, ಮೂವತ್ತು ಟನ್‌ವರೆಗೆ ತೂಕ. ಸಾಮಾನ್ಯವಾಗಿ ಅದು ಮೀನಿನ ಗುಂಪಿನ ಮೇಲೆ ಬಾಯಿ ತೆರೆದು ನುಗ್ಗುತ್ತೆ. ಆದರೆ ಇದು ನೀರಿನ ಮೇಲ್ಮಟ್ಟದಲ್ಲಿ ಬಾಯಿ ಅಗಲಿಸಿಕೊಂಡು ನಿಂತುಬಿಟ್ಟಿತ್ತು. ಮೇಲೆ ಕಡಲಹಕ್ಕಿಗಳು ಮರಿ ಹೆರಿಂಗ್ ಮೀನುಗಳನ್ನ ಹೆಕ್ಕಿ ತಿಂತಾ ಇವೆ. ಹಕ್ಕಿಗೆ ಹೆದರಿದ ಮೀನುಗಳು ಹತ್ತಿರದಲ್ಲಿ ಕಂಡ ಗುಹೆಯಂಥ ನೆರಳಿಗೆ ನುಗ್ಗುತ್ತವೆ. ಆ ನೆರಳೇ ತಿಮಿಂಗಿಲದ ಬಾಯಿ! ಅದು ತನ್ನ ರೆಕ್ಕೆಯಿಂದ ಇನ್ನಷ್ಟು ಮೀನನ್ನ ನಿಧಾನವಾಗಿ ಒಳಗೆ ತಳ್ಳಿ ಬಾಯಿ ಮುಚ್ಚುತ್ತೆ. ಸಂಶೋಧಕರು ಇದನ್ನ ‘ಬೋನು ಬೇಟೆ’ ಅನ್ನೋ ಅರ್ಥದ ಹೆಸರಿಂದ ಕರೆದರು. ಮುಂದಿನ ಕೆಲವು ವರ್ಷಗಳಲ್ಲಿ ಅದೇ ಜಾಗದ ಇನ್ನೂ ಹಲವು ತಿಮಿಂಗಿಲಗಳು ಇದನ್ನೇ ಮಾಡತೊಡಗಿದವು.

2023ರಲ್ಲಿ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಜಾನ್ ಮೆಕಾರ್ಥಿ, ಜೊತೆಗಾರರೊಂದಿಗೆ, ಈ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಲೇಖನ ಬರೆದರು. ಅವರು ಕಡಲ ಪುರಾತತ್ವ ಶಾಸ್ತ್ರಜ್ಞ. ಹಳೆಯ ನಾರ್ಸ್ ಪುಸ್ತಕದ ರಾಕ್ಷಸ ಮತ್ತು ಈಗಿನ ಕ್ಯಾಮೆರಾದಲ್ಲಿ ಸಿಕ್ಕ ತಿಮಿಂಗಿಲ ಒಂದೇ ಕೆಲಸ ಮಾಡ್ತಿವೆ ಅಂದರು. ಆ ಪುಸ್ತಕದ ಪ್ರಾಣಿ ಹಂಪ್‌ಬ್ಯಾಕೇ ಅಂತ ಆಣೆ ಇಟ್ಟು ಹೇಳೋಕಾಗಲ್ಲ, ಬೇರೆ ಜಾತಿಯ ತಿಮಿಂಗಿಲವೂ ಆಗಿರಬಹುದು. ಆದರೆ ನನಗೆ ಈ ವಾದ ಒಪ್ಪಿಗೆ. ಆ ಅಪ್ಪ ಸುಳ್ಳು ಹೇಳ್ತಿರಲಿಲ್ಲ. ಕಡಲಿಗೆ ಹೋದವರು ಕಂಡದ್ದನ್ನ ಕೇಳಿ ಮಗನಿಗೆ ಹೇಳ್ತಿದ್ದ. ನಂಬದೆ ಹೋದವರು ನಾವು.

ಈ ತಿಮಿಂಗಿಲ ತಿನ್ನೋದು ಹೇಗೆ ಅಂತ ಸ್ವಲ್ಪ ನೋಡೋಣ. ಅದಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಬಾಚಣಿಗೆ ಹಲ್ಲಿನ ಹಾಗೆ ನೂರಾರು ಪಟ್ಟಿಗಳು ಇಳಿಬಿದ್ದಿರುತ್ತವೆ. ಇವಕ್ಕೆ ಬಲೀನ್ ಅಂತಾರೆ. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ ವಸ್ತು. ಗಂಟಲಿನ ಕೆಳಗೆ ಸೀರೆಯ ನೆರಿಗೆಯ ಥರ ಉದ್ದುದ್ದ ಮಡಿಕೆಗಳು. ಬಾಯಿ ತೆರೆದು ನುಗ್ಗಿದಾಗ ಆ ನೆರಿಗೆ ಬಿಚ್ಚಿಕೊಂಡು ಗಂಟಲು ದೊಡ್ಡ ಚೀಲದ ಹಾಗೆ ಉಬ್ಬುತ್ತೆ. ನೀರು, ಮೀನು ಎರಡೂ ಒಳಗೆ. ಆಮೇಲೆ ನೀರನ್ನ ಬಲೀನ್ ಸಂದಿಯಿಂದ ಹೊರಗೆ ಒತ್ತಿದರೆ ಸೋಸಣಿಗೆಯಲ್ಲಿ ಉಳಿದಂತೆ ಮೀನು ಉಳಿಯುತ್ತೆ. ಅಷ್ಟು ದೊಡ್ಡ ಬಾಯಿ ಇದ್ದರೂ ಅನ್ನನಾಳ ಮಾತ್ರ ಕಿರಿದು. ಮನುಷ್ಯನನ್ನ ನುಂಗೋ ಕಥೆಗಳನ್ನ ಪಕ್ಕಕ್ಕಿಡಿ.

ಕಷ್ಟ ಇರೋದು ಮೀನು ಚದುರಿ ಹೋಗೋದರಲ್ಲಿ. ಮೀನು ಚದುರಿದರೆ ಒಂದು ಬಾಯಿ ನೀರಿಗೆ ನಾಲ್ಕು ಮೀನು ಸಿಕ್ಕೀತು. ಖರ್ಚಿಗೆ ಆದಾಯ ಸರಿಹೋಗಲ್ಲ. ಹಾಗಾಗಿ ಹಂಪ್‌ಬ್ಯಾಕ್ ಬಲೆ ಕಟ್ಟುತ್ತೆ, ಗಾಳಿಯಿಂದ. ಮೀನಿನ ಗುಂಪಿನ ಅಡಿಗೆ ಹೋಗಿ, ಮೂಗಿನ ರಂಧ್ರದಿಂದ ಗಾಳಿ ಬಿಡ್ತಾ ಸುತ್ತು ಹಾಕುತ್ತೆ. ಗುಳ್ಳೆಗಳು ಮೇಲೇಳ್ತಾ ಒಂದು ಗೋಡೆಯಾಗುತ್ತೆ. ಗುಳ್ಳೆಯನ್ನ ದಾಟೋಕೆ ಮೀನು ಹೆದರುತ್ತೆ. ಸುತ್ತು ಕಿರಿದಾಗ್ತಾ ಹೋಗುತ್ತೆ, ಮೀನು ಒತ್ತೊತ್ತಾಗುತ್ತೆ, ಕೆಳಗಿನಿಂದ ಬಾಯಿ ತೆರೆದು ತಿಮಿಂಗಿಲ ಏಳುತ್ತೆ. ನಮ್ಮ ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆ ಹಾಕುತ್ತಿದ್ದುದನ್ನ ನೋಡಿದ ಹಿರಿಯರಿದ್ದರೆ ಅವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಗುಂಪನ್ನ ಬಳಸಿ ಸುತ್ತುವರಿ, ಆಮೇಲೆ ಎಳೆ. ವ್ಯತ್ಯಾಸ ಇಷ್ಟೇ, ಇಲ್ಲಿ ನೂಲಿನ ಖರ್ಚಿಲ್ಲ.

ಈ ಗುಳ್ಳೆಬಲೆಯ ಬಗ್ಗೆ ಮೊದಮೊದಲು ಬರೆದಿಟ್ಟವರಲ್ಲಿ ಒಬ್ಬ ಇಂಗೆಬ್ರಿಗ್ಟ್ಸೆನ್ ಅನ್ನೋ ನಾರ್ವೆಯವನು, 1929ರಲ್ಲಿ. ಅವನ ಕಸುಬು ಏನು ಗೊತ್ತಾ? ತಿಮಿಂಗಿಲ ಬೇಟೆ. ಕೊಲ್ಲೋಕೆ ಹೋದವನೇ ಗಮನ ಇಟ್ಟು ನೋಡಿದ್ದ. ಈ ಕಥೆಯುದ್ದಕ್ಕೂ ಈ ಇರಿಸುಮುರಿಸು ಇದ್ದೇ ಇದೆ.

ಕೊಲ್ಲದೆ ನೋಡಿದವರ ಕಥೆಯಲ್ಲಿ ನನಗೆ ಇಷ್ಟವಾಗೋದು ಅಲಾಸ್ಕಾದ ಚಾರ್ಲ್ಸ್ ಜುರಾಸ್ಜ್. ಜುನೋ ಊರಿನ ಶಾಲಾ ಮೇಷ್ಟ್ರು. ಹೆಂಡತಿ ವರ್ಜೀನಿಯಾ ಜೊತೆ ದೋಣಿಯಲ್ಲಿ ವರ್ಷಗಟ್ಟಲೆ ತಿಮಿಂಗಿಲಗಳ ಹಿಂದೆ ಸುತ್ತಿದರು. ಹಂಪ್‌ಬ್ಯಾಕ್ ಮುಳುಗುವಾಗ ಬಾಲ ಮೇಲೆತ್ತುತ್ತಲ್ಲ, ಆ ಬಾಲದ ಅಡಿಯ ಕಪ್ಪು ಬಿಳುಪು ಮಚ್ಚೆ ಪ್ರತಿಯೊಂದಕ್ಕೂ ಬೇರೆ ಬೇರೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಬಾಲದ ಫೋಟೊ ಇದ್ದರೆ ಇದು ಹೋದ ವರ್ಷ ಬಂದದ್ದೇನಾ ಅಂತ ಹೇಳಬಹುದು. 1979ರಲ್ಲಿ ಈ ದಂಪತಿ ಅಲಾಸ್ಕಾದ ಹಂಪ್‌ಬ್ಯಾಕ್‌ಗಳು ತಿನ್ನೋ ಬಗೆಗಳನ್ನ ವಿವರವಾಗಿ ಪ್ರಕಟಿಸಿದರು. ಅಲ್ಲಿ ಗುಳ್ಳೆಬಲೆ ಒಂಟಿ ಕೆಲಸ ಮಾತ್ರ ಅಲ್ಲ, ಗುಂಪಿನ ಕೆಲಸವೂ ಹೌದು. ಒಂದು ಗುಳ್ಳೆ ಬಿಡುತ್ತೆ, ಇನ್ನೊಂದು ಜೋರಾಗಿ ಏಕಸ್ವರದಲ್ಲಿ ಕೂಗುತ್ತೆ, ಹೆದರಿದ ಹೆರಿಂಗ್ ಮೇಲಕ್ಕೆ ಓಡುತ್ತೆ, ಆಮೇಲೆ ಎಲ್ಲವೂ ಒಟ್ಟಿಗೇ ಬಾಯಿ ತೆರೆದು ಮೇಲೇಳುತ್ತವೆ. ಡಿಕ್ಕಿ ಹೊಡೆಯದೆ!

ಸರಿ, ಇದು ಹುಟ್ಟಿನಿಂದ ಬಂದದ್ದಾ, ಕಲಿತದ್ದಾ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಅಮೆರಿಕದ ಇನ್ನೊಂದು ತುದಿಯಲ್ಲಿ, ಅಟ್ಲಾಂಟಿಕ್ ಕಡೆಯ ಮೇಯ್ನ್ ಕೊಲ್ಲಿಯಲ್ಲಿ. 1980ರಲ್ಲಿ ಅಲ್ಲಿ ಒಂದೇ ಒಂದು ತಿಮಿಂಗಿಲ ಹೊಸದೇನೋ ಮಾಡ್ತು. ಗುಳ್ಳೆ ಬಿಡೋ ಮೊದಲು ಬಾಲ ಎತ್ತಿ ನೀರಿನ ಮೇಲೆ ಫಟಾರನೆ ಬಡೀತು, ಆಮೇಲೆ ಮುಳುಗಿ ಬಲೆ ಕಟ್ಟಿತು. ಆ ಹೊತ್ತಿಗೆ ಅಲ್ಲಿ ಹೆರಿಂಗ್ ಮೀನು ನೆಲಕಚ್ಚಿತ್ತು. ಮನುಷ್ಯರೇ ಹಿಡಿದು ಹಿಡಿದು ಖಾಲಿ ಮಾಡಿದ್ದರು. ಅದರ ಬದಲು ಸ್ಯಾಂಡ್ ಲ್ಯಾನ್ಸ್ ಅನ್ನೋ ಸಣ್ಣ, ತೆಳ್ಳನೆಯ ಮೀನು ಹೆಚ್ಚಾಗಿತ್ತು. ಬಾಲ ಬಡಿಯೋ ಬೇಟೆ ಆ ಮೀನಿನ ಜೊತೆಗೇ ಹೆಚ್ಚಾಯ್ತು. ಪೇಟೆಯಲ್ಲಿ ಸರಕು ಬದಲಾಯ್ತು, ವ್ಯಾಪಾರಿ ವರಸೆ ಬದಲಾಯಿಸಿದ.

2013ರಲ್ಲಿ ಜೆನ್ನಿ ಆಲನ್, ಮೇಸನ್ ವೈನ್‌ರಿಚ್, ವಿಲ್ ಹಾಪಿಟ್, ಲ್ಯೂಕ್ ರೆಂಡೆಲ್ ಈ ನಾಲ್ವರು 27 ವರ್ಷಗಳ ದಾಖಲೆ ಮುಂದಿಟ್ಟರು. 653 ತಿಮಿಂಗಿಲ, 73 ಸಾವಿರಕ್ಕೂ ಹೆಚ್ಚು ಸಲ ಕಂಡದ್ದರ ಟಿಪ್ಪಣಿ. ತಿಮಿಂಗಿಲ ನೋಡೋಕೆ ಹೋಗೋ ಪ್ರವಾಸಿ ದೋಣಿಗಳಲ್ಲಿ ನಿಂತು ಬರೆದುಕೊಂಡದ್ದು. ಯಾವ ತಿಮಿಂಗಿಲ ಯಾವುದರ ಜೊತೆ ಓಡಾಡ್ತು, ಯಾವಾಗಿಂದ ಬಾಲ ಬಡಿಯೋಕೆ ಶುರುಮಾಡ್ತು ಅಂತ ತಾಳೆ ನೋಡಿದರು. 2007ರ ಹೊತ್ತಿಗೆ ಶೇ. 37ರಷ್ಟು ತಿಮಿಂಗಿಲಗಳಿಗೆ ಈ ವಿದ್ಯೆ ಬಂದಿತ್ತು. ಬರೀ ಅಮ್ಮನಿಂದ ಮಗುವಿಗೆ ಹೋದದ್ದಲ್ಲ. ಗೊತ್ತಿದ್ದವರ ಜೊತೆ ಹೆಚ್ಚು ಕಾಲ ಕಳೆದವು ಕಲಿತವು. ನಾವು ಗೆಳೆಯರಿಂದ ಈಜು ಕಲಿಯೋ ಹಾಗೆ.

ಇದನ್ನ ಓದಿದಾಗ ನಾನು ಹುಡುಕ್ತಿದ್ದ ಸುಳ್ಳು ಲೆಕ್ಕದ ಅರ್ಥವೇ ಬದಲಾಗಿಹೋಯ್ತು.

ಆ ಲೆಕ್ಕ ಸೋವಿಯತ್ ಒಕ್ಕೂಟದ್ದು. ಎರಡನೇ ಮಹಾಯುದ್ಧದ ನಂತರ ಅವರ ದೊಡ್ಡ ಕಾರ್ಖಾನೆ ಹಡಗುಗಳು ದಕ್ಷಿಣದ ಕಡಲುಗಳಲ್ಲಿ ತಿಮಿಂಗಿಲ ಬೇಟೆ ಆಡುತ್ತಿದ್ದವು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ಪ್ರತಿ ವರ್ಷ ಲೆಕ್ಕ ಕೊಡಬೇಕಿತ್ತು. ಕೊಡುತ್ತಿದ್ದರು. ದಕ್ಷಿಣಾರ್ಧ ಗೋಳದಲ್ಲಿ ಕೊಂದ ಹಂಪ್‌ಬ್ಯಾಕ್‌ಗಳು ಅಂತ ಒಟ್ಟು ತೋರಿಸಿದ್ದು 2,710. ನಿಜವಾಗಿ ಕೊಂದದ್ದು 48 ಸಾವಿರಕ್ಕೂ ಹೆಚ್ಚು. ನಮ್ಮ ಕಡೆ ಅಂಗಡಿಗಳಲ್ಲಿ ‘ನಂಬರ್ ಟೂ ಲೆಕ್ಕ’ ಅಂತಾರಲ್ಲ, ಅದೇ. ಆದರೆ ಅಂಗಡಿಯವನು ಲಾಭಕ್ಕೆ ಸುಳ್ಳು ಬರೀತಾನೆ. ಇವರು ಬರೆದದ್ದು ಟಾರ್ಗೆಟ್‌ಗೆ. ಮೇಲಿನಿಂದ ಬಂದ ಯೋಜನೆಯ ಅಂಕಿ ಮುಟ್ಟಬೇಕು, ಮುಟ್ಟಿದರೆ ಬೋನಸ್, ಮುಟ್ಟಿದ ಮೇಲೆ ಮುಂದಿನ ವರ್ಷದ ಅಂಕಿ ಇನ್ನೂ ದೊಡ್ಡದು. ಆ ದೇಶದಲ್ಲಿ ತಿಮಿಂಗಿಲದ ಮಾಂಸಕ್ಕೆ ಅಂಥ ಬೇಡಿಕೆಯೂ ಇರಲಿಲ್ಲ. ಎಷ್ಟೋ ಸಲ ಹೆಚ್ಚಿನ ಭಾಗವನ್ನ ಕಡಲಿಗೇ ಎಸೆದರು.

ಇದು ಹೊರಬಿದ್ದದ್ದು ಒಕ್ಕೂಟ ಒಡೆದ ಮೇಲೆ, 1993ರಲ್ಲಿ. ಅಲೆಕ್ಸಿ ಯಾಬ್ಲೊಕೊವ್ ಅನ್ನೋ ರಷ್ಯದ ಜೀವವಿಜ್ಞಾನಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬಹಿರಂಗವಾಗಿ ಹೇಳಿದರು. ಹಡಗುಗಳಲ್ಲಿ ಕೆಲಸ ಮಾಡಿದ್ದ ಕೆಲವು ವಿಜ್ಞಾನಿಗಳು ನಿಜವಾದ ದಾಖಲೆಗಳನ್ನ ಗುಟ್ಟಾಗಿ ಉಳಿಸಿಕೊಂಡಿದ್ದರು. ಆ ಕಾಲದಲ್ಲಿ ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಯೋಚಿಸಿ.

ಆ ದಾಖಲೆಗಳಲ್ಲಿ ಒಂದು ಪುಟ ನಮ್ಮ ಕಡಲಿನದು. 1966ರ ನವೆಂಬರ್. ಅದೇ ವರ್ಷ ಹಂಪ್‌ಬ್ಯಾಕ್ ಬೇಟೆಗೆ ಜಗತ್ತಿನಾದ್ಯಂತ ನಿಷೇಧ ಬಂದಿತ್ತು. ಸೋವಿಯತ್ ಹಡಗುಗಳು ಅಂಟಾರ್ಕ್ಟಿಕಕ್ಕೆ ಹೋಗೋ ದಾರಿಯಲ್ಲಿ ಅರಬ್ಬಿ ಸಮುದ್ರದಲ್ಲಿ ತಡೆದು, ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರದಾಚೆ 238 ಹಂಪ್‌ಬ್ಯಾಕ್‌ಗಳನ್ನ ಕೊಂದವು. 48 ಸಾವಿರದ ಮುಂದೆ 238 ಏನೂ ಅಲ್ಲ ಅನಿಸುತ್ತೆ. ಆದರೆ ಈ ಗುಂಪೇ ಬೇರೆ. ಜಗತ್ತಿನ ಬೇರೆ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ತಣ್ಣನೆಯ ಕಡಲಲ್ಲಿ ತಿಂದು, ಚಳಿಗಾಲದಲ್ಲಿ ಬೆಚ್ಚನೆಯ ಕಡಲಿಗೆ ಬಂದು ಹೆಚ್ಚುಕಮ್ಮಿ ಉಪವಾಸ ಇರುತ್ತವೆ. ಅರಬ್ಬಿ ಸಮುದ್ರದವು ಹಾಗೆ ವಲಸೆ ಹೋಗಲ್ಲ. ಮುಂಗಾರು ಗಾಳಿ ಕಡಲಾಳದ ತಣ್ಣೀರನ್ನ ಮೇಲೆ ತರುತ್ತೆ, ಅದರ ಜೊತೆ ಮೀನಿನ ಸುಗ್ಗಿ ಬರುತ್ತೆ. ಹಾಗಾಗಿ ಊಟ, ಬಾಣಂತನ ಎಲ್ಲ ಇಲ್ಲೇ. ಸುಮಾರು 70 ಸಾವಿರ ವರ್ಷಗಳಿಂದ ಉಳಿದವುಗಳಿಂದ ಬೇರೆಯಾಗಿ ಉಳಿದಿವೆ ಅಂತ ವಂಶವಾಹಿ ಅಧ್ಯಯನ ಹೇಳುತ್ತೆ. ಇವತ್ತು ಒಮಾನ್ ಕಡೆಯ ಅಂದಾಜು ನೂರಕ್ಕಿಂತ ಕಡಿಮೆ.

ಹಡಗಿನ ವಿಜ್ಞಾನಿಗಳು ಕೊಂದ ತಿಮಿಂಗಿಲಗಳ ಹೊಟ್ಟೆ ಸೀಳಿ ನೋಡಿ ಬರೆದಿಟ್ಟರು. ಯೂರಿ ಮಿಖಾಲೆವ್ 1997ರಲ್ಲಿ ಅದನ್ನ ಪ್ರಕಟಿಸಿದರು. ಹೊಟ್ಟೆಯಲ್ಲಿ ಇದ್ದದ್ದು ಸೀಗಡಿಯಂಥ ಕ್ರಿಲ್, ಜೊತೆಗೆ ನಮ್ಮ ಬಂಗುಡೆ, ಬೂತಾಯಿ ಬಳಗದ ಮೀನುಗಳು. ಮಂಗಳೂರಿನ ಮಾರ್ಕೆಟ್ಟಲ್ಲಿ ಬುಟ್ಟಿ ತುಂಬ ಇರೋವಂಥವು.

ಆ ಪುಟವನ್ನ ನೋಡಿದಾಗ ನನಗೆ ಕಾಡಿದ್ದು ಇದು: ಅಲ್ಲಿ ಉದ್ದ ಇದೆ, ಗಂಡೋ ಹೆಣ್ಣೋ ಅಂತ ಇದೆ, ಹೊಟ್ಟೆಯಲ್ಲಿ ಏನಿತ್ತು ಅಂತ ಇದೆ. ಆ ಬೂತಾಯಿಯನ್ನ ಅದು ಹಿಡಿದದ್ದು ಹೇಗೆ ಅನ್ನೋದಕ್ಕೆ ಕಾಲಂ ಇಲ್ಲ. ಸತ್ತ ಹೊಟ್ಟೆಯಲ್ಲಿ ಮೀನು ಸಿಗುತ್ತೆ, ವಿದ್ಯೆ ಸಿಗಲ್ಲ. ಮೇಯ್ನ್ ಕೊಲ್ಲಿಯಲ್ಲಿ ಒಂದೇ ತಿಮಿಂಗಿಲದಿಂದ ಶುರುವಾದ ವರಸೆ ನೂರಾರಕ್ಕೆ ಹರಡಿತು ಅಂದರೆ, ಆ ಒಂದು ಮೊದಲೇ ಸತ್ತಿದ್ದರೆ? 238ರಲ್ಲಿ ಅಂಥವು ಎಷ್ಟಿದ್ದವೋ. ಬ್ಯಾಲೆನ್ಸ್ ಶೀಟಿನಲ್ಲಿ ಇಂಥ ನಷ್ಟವನ್ನ ಬರೆಯೋಕೆ ನಮಗೆ ಯಾರೂ ಕಲಿಸಲಿಲ್ಲ.

2017ರ ನವೆಂಬರ್‌ನಲ್ಲಿ ಒಮಾನ್ ತೀರದಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹ ಟ್ಯಾಗ್ ಹಾಕಿದರು. ಹೆಸರು ಲುಬಾನ್. ಅರಬ್ಬಿಯಲ್ಲಿ ಸುಗಂಧದ ಅಂಟು. ನಮ್ಮನೆಯಲ್ಲಿ ಕೆಂಡಕ್ಕೆ ಹಾಕೋ ಲೋಬಾನ ಅಂತಿಟ್ಕೊಳ್ಳಿ. ಡಿಸೆಂಬರ್‌ನಲ್ಲಿ ಅವಳು ಅರಬ್ಬಿ ಸಮುದ್ರವನ್ನ ಅಡ್ಡ ದಾಟಿದಳು. ಗೋವಾದ ಆಚೆ ಬಂದು, ದಕ್ಷಿಣಕ್ಕೆ ತಿರುಗಿ, ನಮ್ಮ ಕರಾವಳಿಯನ್ನೂ ಕೇರಳವನ್ನೂ ಎಡಕ್ಕೆ ಬಿಟ್ಟು, ಭಾರತದ ತುದಿ ಸುತ್ತಿ ಮನ್ನಾರ್ ಕೊಲ್ಲಿವರೆಗೆ ಹೋದಳು. ಒಮಾನ್‌ನಲ್ಲಿ ಗುರುತಿಸಿದ ಎಷ್ಟೋ ಹಂಪ್‌ಬ್ಯಾಕ್‌ಗಳ ಬಾಲದ ಬುಡದಲ್ಲಿ ಮೀನುಬಲೆಯ ಹಗ್ಗ ಕೊಯ್ದ ಗಾಯದ ಗುರುತಿದೆ. ಬಲೆ ಕಟ್ಟೋ ಪ್ರಾಣಿ ಬಲೆಗೇ ಸಿಕ್ಕಿಬೀಳುತ್ತೆ. ಆ ದಾರಿಯಲ್ಲಿ ಲುಬಾನ್ ಎಷ್ಟು ಬಲೆ ತಪ್ಪಿಸಿಕೊಂಡಳೋ.

ಟ್ಯಾಗ್ ಹೇಳೋದು ಅವಳು ಎಲ್ಲಿದ್ದಳು ಅಂತ. ಅವಳ ಊಟ ನೋಡೋಕೆ ದೋಣಿಯಲ್ಲಿ ಕಣ್ಣಿರಬೇಕು. ಮಲ್ಪೆ, ಗಂಗೊಳ್ಳಿ, ಕಾರವಾರ, ಮಂಗಳೂರಿನಿಂದ ಆಳಕ್ಕೆ ಹೋಗೋ ಅಣ್ಣಂದಿರು, ಅವರ ಮನೆಯ ಹಿರಿಯರು ಈ ಸಂಚಿಕೆ ಕೇಳ್ತಾ ಇದ್ದರೆ ಒಂದು ಕೋರಿಕೆ. ಬೂತಾಯಿ ಗುಂಪಿನ ಸುತ್ತ ಗುಳ್ಳೆಯ ಉಂಗುರ ಎದ್ದದ್ದನ್ನ, ಅಥವಾ ನೀರಿಗೆ ಬಾಲ ಬಡಿಯೋದನ್ನ ಯಾವತ್ತಾದರೂ ನೋಡಿದ್ದರೆ, ಅಜ್ಜ ಹೇಳಿದ್ದನ್ನ ಕೇಳಿದ್ದರೂ ಸರಿ, ಯಾವ ವರ್ಷ, ಯಾವ ತಿಂಗಳು, ಎಷ್ಟು ದೂರದಲ್ಲಿ ಅಂತ ಬರೆದು ಕಳಿಸಿ. ಅಜ್ಜಿಕಥೆ ಅಂತ ಪಕ್ಕಕ್ಕಿಡಲ್ಲ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತೀನಿ, ಒಂದನೇ ನಂಬರ್ ಲೆಕ್ಕದಲ್ಲೇ.